ಕಣ್ಣಳತೆ: ಓಝರಿನಿಂದ ಬಂದ ಜುಪಿಟರ್

ಕಳೆದ ಫೆಬ್ರವರಿಯಲ್ಲಿ ನಾಸಿಕ್ ಕಡೆ ಹೋದಾಗ ಸೋದರಮಾವ ಒಂದು ಚರ್ಮದ ಚೀಲ ತಂದು ಕೈಗಿಟ್ಟರು. ಹಳೇ ಸಂಯುಕ್ತ ಕರ್ನಾಟಕದ ಹಾಳೆಯಲ್ಲಿ ಸುತ್ತಿದ್ದ ಜೋರ್ಕಿ-4 ಕ್ಯಾಮೆರಾ, ಅದರ ಮೂತಿಗೆ ಜುಪಿಟರ್-8 ಲೆನ್ಸ್. ಮಾವ ಹುಬ್ಬಳ್ಳಿಯವರು. ಎಚ್‌ಎಎಲ್ ನೌಕರಿ ಸಿಕ್ಕಿ ಓಝರಿಗೆ ಬಂದವರು ನಿವೃತ್ತಿಯಾದ ಮೇಲೂ ಅಲ್ಲೇ ಉಳಿದರು. ಮಿಗ್-21 ಕಟ್ಟಲೆಂದು 1964ರಲ್ಲಿ ಶುರುವಾದ ಆ ಕಾರ್ಖಾನೆಗೆ ಸೋವಿಯತ್ ಎಂಜಿನಿಯರುಗಳು ಬಂದು ಹೋಗುತ್ತಿದ್ದರು. ಅವರಲ್ಲೊಬ್ಬ 1971ರಲ್ಲಿ ಊರಿಗೆ ಹೊರಡುವಾಗ ಈ ಕ್ಯಾಮೆರಾವನ್ನು ಮಾವನಿಗೆ ಮಾರಿ ಹೋದನಂತೆ. ಕಾರ್ಖಾನೆಯೊಳಗೆ ಫೋಟೋ ತೆಗೆಯುವ ಮಾತೇ ಇಲ್ಲ. ಹಾಗಾಗಿ ಮಾವ ಪಂಚವಟಿ, ಗೋದಾವರಿಯ ಘಾಟು, ಅತ್ತೆ, ಮಕ್ಕಳು, ಕ್ವಾರ್ಟರ್ಸಿನ ತುಳಸಿಕಟ್ಟೆ ಇವನ್ನೇ ಇಂದು ಮತ್ತು ಓರ್ವೋ ರೀಲುಗಳ ಮೇಲೆ ಇಪ್ಪತ್ತು ವರ್ಷ ತೆಗೆದರು.

ಈಗ ಅವರಿಗೆ 81. ಒಂದು ಕಣ್ಣು ಬಹಳ ಮಂಕು, ಇನ್ನೊಂದಕ್ಕೆ ಭೂತಗನ್ನಡಿ ಬೇಕು. ಕ್ಯಾಮೆರಾದ ಶಟರ್ ಬಟ್ಟೆ ಒಣಗಿ ಬಿರುಕುಬಿಟ್ಟಿದೆ. "ಪೆಟಗಿ ಸತ್ತದ, ಗಾಜು ಛಲೋ ಅದ. ಇದರಾಗ ಒಂದು ಫೋಟೋ ತಗದು ತೋರಸು," ಅಂದರು. ನಾನು ಅದೇ ವಾರ ಹೊಸದೊಂದು 50 ಮಿ.ಮೀ. ಲೆನ್ಸ್ ಕೊಳ್ಳುವ ಯೋಚನೆಯಲ್ಲಿದ್ದೆ. ಮೇ ತಿಂಗಳಲ್ಲಿ ಅಕ್ಕನ ಮಗಳ ರಂಗಪ್ರವೇಶ, ಫೋಟೋ ಜವಾಬ್ದಾರಿ ನನ್ನದು. ಇದೊಂದು ಅಡಾಪ್ಟರ್‌ನಲ್ಲಿ ಮುಗಿಯುವುದಾದರೆ ಇಪ್ಪತ್ತು ಸಾವಿರ ಯಾಕೆ ಸುರಿಯಬೇಕು ಅನ್ನಿಸಿತು. ಅಟ್ಟದ ಮೇಲೆ ಹಳೇ ಲೆನ್ಸ್ ಸಿಕ್ಕವರೆಲ್ಲ ಕೇಳುವುದು ಇದೇ ಪ್ರಶ್ನೆ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೊದಲು ಸ್ವಲ್ಪ ಲೆಕ್ಕ. ಯಾವುದೇ ಲೆನ್ಸ್ ಫಿಲ್ಮಿನಿಂದ ಇಂತಿಷ್ಟೇ ದೂರದಲ್ಲಿ ಕೂರಬೇಕು. ಜೋರ್ಕಿಯದು ಹಳೇ ಲೈಕಾದ 39 ಮಿ.ಮೀ. ತಿರುಪು. ಅದರ ದೂರ 28.8 ಮಿ.ಮೀ. ಇಷ್ಟು ಹತ್ತಿರ ಸಾಧ್ಯವಾದದ್ದು ರೇಂಜ್‌ಫೈಂಡರ್ ಕ್ಯಾಮೆರಾದಲ್ಲಿ ಕನ್ನಡಿ ಇಲ್ಲದ್ದರಿಂದ. ಅದರಲ್ಲಿ ನಾವು ಲೆನ್ಸಿನ ಮೂಲಕ ನೋಡುವುದಿಲ್ಲ, ಪಕ್ಕದ ಕಿಟಕಿಯಲ್ಲಿ ಎರಡು ಬಿಂಬ ಕೂಡಿಸಿ ದೂರ ಅಳೆಯುತ್ತೇವೆ. ಡಿಎಸ್‌ಎಲ್‌ಆರ್‌ಗೆ ಕನ್ನಡಿ ಬೇಕು, ಆದ್ದರಿಂದ ಕ್ಯಾನನ್‌ನಲ್ಲಿ ಈ ದೂರ 44 ಮಿ.ಮೀ., ನಿಕಾನ್‌ನಲ್ಲಿ 46.5. ಅಂಥದ್ದಕ್ಕೆ ಜುಪಿಟರ್ ಹಾಕಬೇಕಾದರೆ ಲೆನ್ಸನ್ನು ಕ್ಯಾಮೆರಾದ ಹೊಟ್ಟೆಯೊಳಗೆ ತುರುಕಬೇಕು. ಹೀಗಾಗಿ ಡಿಎಸ್‌ಎಲ್‌ಆರ್ ಆಳಿದಷ್ಟು ಕಾಲ ಈ ಲೆನ್ಸುಗಳು ಕಪಾಟಿನಲ್ಲಿ ಮಲಗಿದವು. ಮಿರರ್‌ಲೆಸ್ ಬಂದ ಮೇಲೆ ಎದ್ದವು. ಸೋನಿಯಲ್ಲಿ ಆ ದೂರ 18 ಮಿ.ಮೀ., ಉಳಿಯುವುದು 10.8. ಅಡಾಪ್ಟರ್ ಅಂದರೆ ಆ 10.8 ಮಿ.ಮೀ. ದಪ್ಪದ ಟೊಳ್ಳು ಬಳೆ, ಒಳಗೆ ಗಾಜಿಲ್ಲ, ತಂತಿಯಿಲ್ಲ. ನನಗೆ ಎರಡು ಸಾವಿರದೊಳಗೆ ಸಿಕ್ಕಿತು. ಹಾಕಿದ ಮೇಲೆ ಕ್ಯಾಮೆರಾ "ಲೆನ್ಸ್ ಇಲ್ಲ" ಎಂದು ಮುಷ್ಕರ ಹೂಡುತ್ತದೆ. ಲೆನ್ಸ್ ಇಲ್ಲದೆಯೂ ಶಟರ್ ಬಿಡು ಎಂಬ ಆಯ್ಕೆಯನ್ನು ಮೆನುವಿನಲ್ಲಿ ಹುಡುಕಿ ಆನ್ ಮಾಡಿ. ಕೈನಡುಕ ತಡೆಯುವ ವ್ಯವಸ್ಥೆಗೆ 50 ಮಿ.ಮೀ. ಎಂದು ನೀವೇ ಹೇಳಿಕೊಡಿ.

ಇನ್ನು ಗಾಜಿನ ಕಥೆ. ಜುಪಿಟರ್-8 ಎಂದರೆ ಝೈಸ್‌ನ ಸೋನಾರ್‌ನ ರಷ್ಯನ್ ಅವತಾರ. 1930ರ ಆಸುಪಾಸಿನಲ್ಲಿ ಲುಡ್ವಿಗ್ ಬರ್ಟೆಲೆ ಅದನ್ನು ರಚಿಸುವಾಗ ಗಾಜಿಗೆ ಲೇಪನ ಹಚ್ಚುವ ವಿದ್ಯೆ ಬಂದಿರಲಿಲ್ಲ. ಗಾಳಿ ತಾಗುವ ಪ್ರತಿ ಗಾಜಿನ ಮುಖವೂ ನೂರಕ್ಕೆ ನಾಲ್ಕೈದು ಭಾಗ ಬೆಳಕನ್ನು ಹಿಂದಕ್ಕೆ ಎಸೆಯುತ್ತಿತ್ತು. ಎಸೆದ ಬೆಳಕು ಒಳಗೇ ಅಲೆದಾಡಿ ಚಿತ್ರದ ಮೇಲೆ ಮಂಜು ಕವಿಸುತ್ತಿತ್ತು. ಬರ್ಟೆಲೆ ಆರು ಗಾಜುಗಳನ್ನು ಅಂಟಿಸಿ ಮೂರೇ ಗುಂಪು ಮಾಡಿದ, ಅಂದರೆ ಗಾಳಿ ತಾಗುವ ಮುಖ ಆರೇ. ನಾಲ್ಕು ಗುಂಪಿನ ಎದುರಾಳಿ ಲೆನ್ಸುಗಳಿಗೆ ಎಂಟು. ಯುದ್ಧ ಮುಗಿದ ಮೇಲೆ ಈ ವಿದ್ಯೆ ಪರಿಹಾರದ ಲೆಕ್ಕದಲ್ಲಿ ಸೋವಿಯತ್ ಒಕ್ಕೂಟಕ್ಕೆ ಹೋಯಿತು, ಲೇಪನವೂ ಸೇರಿಕೊಂಡಿತು. ಮಾವನ ಲೆನ್ಸಿನ ಸಂಖ್ಯೆ 69ರಿಂದ ಶುರುವಾಗುತ್ತದೆ, ಅಂದರೆ ಕ್ರಾಸ್ನೋಗೋರ್ಸ್ಕ್‌ನಲ್ಲಿ 1969ರಲ್ಲಿ ಹುಟ್ಟಿದ್ದು. ನಡುಭಾಗ ಎಫ್ 2ರಲ್ಲೇ ಸಾಕಷ್ಟು ಚೂಪು, ಅಂಚು ಮೃದು, ಹಿನ್ನೆಲೆ ಕರಗುವ ರೀತಿ ಚೆಂದ. ಬೆಳಕು ಎದುರಿನಿಂದ ಬಂದರೆ ಮಾತ್ರ ಮುಸುಕು ಹೊದ್ದುಕೊಳ್ಳುತ್ತದೆ. ಇದನ್ನೇ ಕೆಲವರು "ಕ್ಯಾರೆಕ್ಟರ್" ಎಂದು ಹಾಡಿ ಹೊಗಳುತ್ತಾರೆ. ನನ್ನ ಪ್ರಕಾರ ಅದರಲ್ಲಿ ಅರ್ಧ ಬರ್ಟೆಲೆಯದು, ಇನ್ನರ್ಧ ಒಳಗೆ ಕೂತ ಎಣ್ಣೆಯ ಆವಿಯದು.

ಒಂದು ವಿಷಯದಲ್ಲಿ ಮಿರರ್‌ಲೆಸ್ ಈ ಲೆನ್ಸಿಗೆ ಉಪಕಾರವನ್ನೇ ಮಾಡಿದೆ. ಲೈಕಾ ತನ್ನ ಅಳತೆಯ ಯಂತ್ರವನ್ನು 51.6 ಮಿ.ಮೀ. ಲೆನ್ಸಿಗೆ ಹೊಂದಿಸಿತ್ತು, ರಷ್ಯನ್ನರು ಝೈಸ್ ಹಾದಿ ಹಿಡಿದು 52.4 ಇಟ್ಟುಕೊಂಡರು. ಜುಪಿಟರನ್ನು ನಿಜವಾದ ಲೈಕಾಗೆ ಹಾಕಿದರೆ ಹತ್ತಿರದ ಮುಖಗಳ ಫೋಕಸ್ ತಪ್ಪುವುದು ಇದರಿಂದಲೇ. ಮಿರರ್‌ಲೆಸ್‌ನಲ್ಲಿ ಸೆನ್ಸರ್ ಮೇಲಿನ ಬಿಂಬವನ್ನೇ ದೊಡ್ಡದು ಮಾಡಿ ನೋಡುತ್ತೇವಾದ್ದರಿಂದ ಆ ಜಗಳವೇ ಇಲ್ಲ.

ಮಾವನ ಲೆನ್ಸಿನ ಗ್ರೀಸ್ ಗಟ್ಟಿಯಾಗಿ ತಿರುಗುವುದೇ ಕಷ್ಟವಾಗಿತ್ತು. ಮೊಬೈಲ್ ಟಾರ್ಚ್ ಹಿಡಿದು ನೋಡಿದರೆ ಒಳಗೆ ತೆಳು ಮಂಜು, ಅಂಚಿನಲ್ಲಿ ಜೇಡರ ಬಲೆಯಂತೆ ಫಂಗಸ್ ಮೊಳಕೆ. ಊರೊಳಗಿನ ರಿಪೇರಿಯವರೊಬ್ಬರಿಗೆ ಕೊಟ್ಟೆ. ಹದಿನೈದು ದಿನ, 1,800 ರೂಪಾಯಿ. ವಾಪಸ್ ಬಂದಾಗ ಗಾಜು ಥಳಥಳ, ತಿರುಗುವುದು ಬೆಣ್ಣೆ. ಫೋಟೋಗಳೂ ಚೆನ್ನಾಗಿಯೇ ಬಂದವು. ವಾರ ಕಳೆದ ಮೇಲೆ, ಜಂಗ್ಲಿ ಮಹಾರಾಜ್ ರಸ್ತೆಯಲ್ಲಿ ಓಡಾಡುತ್ತ ಕಣ್ಣಿಗೆ ಹಿಡಿಯದೆಯೇ ತೆಗೆಯೋಣ ಅಂದುಕೊಂಡೆ. ಲೆನ್ಸಿನ ಮೇಲೆ ಮೀಟರ್‌ಗಳ ಗುರುತಿದೆ. ಎಫ್ 8 ಇಟ್ಟು ಮೂರು ಮೀಟರ್‌ಗೆ ತಿರುಗಿಸಿದರೆ 2.3ರಿಂದ 4.2 ಮೀಟರ್‌ವರೆಗಿನದೆಲ್ಲ ಸ್ಪಷ್ಟ ಬರಬೇಕು. ನನ್ನ ಮಟ್ಟಿಗೆ ಹಳೇ ಲೆನ್ಸಿನ ನಿಜವಾದ ಆಸ್ತಿ ಇದೇ. ಹೊಸ ಅಗ್ಗದ ಆಟೋಫೋಕಸ್ ಲೆನ್ಸುಗಳ ಮೈಮೇಲೆ ದೂರದ ಗುರುತೇ ಇರುವುದಿಲ್ಲ. ಆದರೆ ಬಂದ ಚಿತ್ರಗಳಲ್ಲಿ ಹತ್ತಿರದ ಜನ ಮಸುಕು, ಹಿಂದಿನ ಅಂಗಡಿ ಬೋರ್ಡು ಸ್ಪಷ್ಟ.

ಮನೆಯಲ್ಲಿ ಟೇಪು ಹಿಡಿದು ಅಳೆದೆ. ಲೆನ್ಸ್ ಮೂರು ಮೀಟರ್ ಅನ್ನುತ್ತಿತ್ತು, ಫೋಕಸ್ ಬೀಳುತ್ತಿದ್ದದ್ದು ಮೂರೂವರೆಯ ಹತ್ತಿರ. ಅಡಾಪ್ಟರ್ 0.1 ಮಿ.ಮೀ. ತೆಳುವಾಗಿದ್ದರೂ ಸಾಕು, ಮೂರು ಮೀಟರ್ ಅನ್ನುವುದು 3.4 ಆಗಿಬಿಡುತ್ತದೆ. ಹಾಗಾಗಿ ಮೊದಲು ಅದನ್ನೇ ಬೈದೆ. ಆದರೆ ಸ್ನೇಹಿತನ ಬಳಿಯಿದ್ದ ಇನ್ನೊಂದು ಲೆನ್ಸ್ ಅದೇ ಅಡಾಪ್ಟರ್ ಮೇಲೆ ಸರಿಯಾಗಿ ಅಳೆಯಿತು. ರಿಪೇರಿಯವರು ಕೊಟ್ಟ ಕವರ್ ಜಾಡಿಸಿದಾಗ ಕಾಗದದಷ್ಟು ತೆಳು ಹಿತ್ತಾಳೆ ಉಂಗುರ ಟಣ್ ಅಂತ ನೆಲಕ್ಕೆ ಬಿತ್ತು. ಜುಪಿಟರ್‌ಗಳಲ್ಲಿ ಗಾಜಿನ ಕೊಳವೆಯ ಕೆಳಗೆ ಇಂಥ ಉಂಗುರ ಇಟ್ಟೇ ಕಾರ್ಖಾನೆಯಲ್ಲಿ ದೂರ ಹೊಂದಿಸುತ್ತಿದ್ದರು. ಅದನ್ನು ಹಾಕುವುದು ಮರೆತಿದ್ದರು. ಪಾಪ, ವಾಪಸ್ ಒಯ್ದಾಗ ಗೊಣಗದೆ ಹಾಕಿಕೊಟ್ಟರು. ನೀವು ಹಳೇ ಲೆನ್ಸ್ ಬಿಚ್ಚಿಸಿದರೆ ಮನೆಗೆ ತಂದು ಟೇಪಿನಲ್ಲಿ ಒಮ್ಮೆ ಅಳೆಯಿರಿ. ಪರದೆ ನೋಡಿ ಫೋಕಸ್ ಮಾಡುವವರಿಗೆ ಈ ತಪ್ಪು ಎಂದೂ ಗೊತ್ತಾಗುವುದಿಲ್ಲ.

ರಂಗಪ್ರವೇಶದ ದಿನ ನಾನು ಮೊಂಡುತನದಿಂದ ಜುಪಿಟರನ್ನೇ ಒಯ್ದೆ. ಎಫ್ 2, ವೇದಿಕೆಯ ಬೆಳಕು, ಒಂದು ಕ್ಷಣ ನಿಲ್ಲದ ಹುಡುಗಿ. ಪರದೆ ಹಿಗ್ಗಿಸಿ ಕಣ್ಣಿಗೆ ಫೋಕಸ್ ಕೂರಿಸುವಷ್ಟರಲ್ಲಿ ಅವಳು ಎರಡು ಹೆಜ್ಜೆ ಮುಂದೆ. ಅಲರಿಪುವಿನಿಂದ ವರ್ಣದವರೆಗೆ ಮುನ್ನೂರು ಚಿತ್ರ ತೆಗೆದೆ, ಹದಿನೇಳು ನೆಟ್ಟಗಿದ್ದವು. ವಿರಾಮದಲ್ಲಿ ಅಕ್ಕ ಕ್ಯಾಮೆರಾದ ಪರದೆ ನೋಡಿ ಏನೂ ಅನ್ನಲಿಲ್ಲ, ಅನ್ನದಿದ್ದದ್ದೇ ಜೋರಾಗಿ ಕೇಳಿಸಿತು. ಪಕ್ಕದಲ್ಲಿದ್ದ ಗೆಳೆಯನ ಸೋನಿ 50 ಮಿ.ಮೀ. ಎಫ್ 1.8 ಬೇಡಿ ತಂದು ಉಳಿದರ್ಧ ತೆಗೆದೆ. ತಿಲ್ಲಾನದ ಚಿತ್ರಗಳು ಆಲ್ಬಮ್ಮಿನಲ್ಲಿವೆ. ವರ್ಣದ್ದು ಎರಡೇ ಎರಡು. ಅವಳು ಆರು ತಿಂಗಳು ಅಭ್ಯಾಸ ಮಾಡಿದ್ದು ಆ ವರ್ಣವನ್ನೇ.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಮನೆಯಲ್ಲೇ ಹಳೇ ಲೆನ್ಸ್ ಇದ್ದರೆ ಅಡಾಪ್ಟರ್ ತರಿಸಿ, ಹಿಂದೆ ಮುಂದೆ ನೋಡಬೇಡಿ. ಆದರೆ ದುಡ್ಡು ಉಳಿಸಲೆಂದು ಹಳೇ ಲೆನ್ಸ್ ಕೊಳ್ಳಲು ಹೊರಟರೆ ಲೆಕ್ಕ ತಿರುಗಿ ಬೀಳುತ್ತದೆ. ಹೊರದೇಶದಿಂದ ತರಿಸಿದರೆ ಸಾಗಣೆ, ಕಸ್ಟಮ್ಸ್, ಸರ್ವಿಸ್ ಸೇರಿ ಹೊಸ ಲೆನ್ಸಿನ ಹತ್ತಿರ ಬಂದು ನಿಲ್ಲುತ್ತೀರಿ, ಆಟೋಫೋಕಸ್ ಬಿಟ್ಟು. ಹತ್ತಿರದ ಚಿತ್ರ ಬೇಕೆಂದರೂ ಜುಪಿಟರ್ ಒಂದು ಮೀಟರ್‌ಗೇ ನಿಲ್ಲುತ್ತದೆ, ಸೋನಿಯದು 45 ಸೆಂ.ಮೀ.ವರೆಗೆ ಹೋಗುತ್ತದೆ. ಹಳೇ ನಕ್ಷೆಯನ್ನೇ ಹೊಸದಾಗಿ ಮಾಡಿದ ಲೆನ್ಸುಗಳೂ ಇವೆ. 2016ರಲ್ಲಿ ಲೋಮೋಗ್ರಫಿ ರಷ್ಯಾದಲ್ಲೇ ಜುಪಿಟರ್-3 ಅನ್ನು ಮತ್ತೆ ಮಾಡಿಸಿ 649 ಡಾಲರ್ ಬೆಲೆಯಿಟ್ಟಿತು. ಝೈಸ್‌ನ ಸಿ ಸೋನಾರ್ ಇನ್ನೂ ದುಬಾರಿ. ಆ ಮೃದು ಚಿತ್ರವೇ ಬೇಕು, ಫಂಗಸ್ ತಲೆನೋವು ಬೇಡ, ಕಿಸೆಯೂ ಗಟ್ಟಿ ಅನ್ನುವವರಿಗೆ ಅವು.

35, 28 ಮಿ.ಮೀ. ಹಳೇ ವೈಡ್ ಲೆನ್ಸುಗಳನ್ನಂತೂ ಬಿಟ್ಟುಬಿಡಿ. ಅವುಗಳ ಹಿಂಗಾಜು ಫಿಲ್ಮಿಗೆ ತೀರ ಹತ್ತಿರ ಕೂರುತ್ತಿತ್ತು. ಬೆಳಕು ಅಂಚುಗಳಿಗೆ ಬಹಳ ಓರೆಯಾಗಿ ಬೀಳುತ್ತದೆ. ಫಿಲ್ಮ್ ಅದನ್ನು ಸಹಿಸುತ್ತಿತ್ತು. ಸೆನ್ಸರಿನ ಮೇಲಿನ ದಪ್ಪ ಗಾಜು ಸಹಿಸದೆ ಮೂಲೆಗಳನ್ನು ಕಲಸಿಬಿಡುತ್ತದೆ, ಕೆಲವೊಮ್ಮೆ ನೇರಳೆ ಬಣ್ಣವನ್ನೂ ಬಳಿಯುತ್ತದೆ. ಜುಪಿಟರ್-12ರ ಹಿಂಗಾಜು ಎಷ್ಟು ಚಾಚಿಕೊಂಡಿದೆಯೆಂದರೆ ಕೆಲವು ಕ್ಯಾಮೆರಾಗಳಲ್ಲಿ ಒಳಗೆ ತಾಗುತ್ತದೆ. ಒಳಕ್ಕೆ ಮಡಚುವ ಎಲ್ಮಾರ್ ಥರದ್ದನ್ನು ಅಡಾಪ್ಟರ್ ಮೇಲಿದ್ದಾಗ ದಯವಿಟ್ಟು ಮಡಚಬೇಡಿ.

ಮಂಗಳವಾರ ಪೇಠೆಯ ಜೂನಾ ಬಜಾರಿಗೆ ಬುಧವಾರ, ಭಾನುವಾರ ಹೋಗುವವರಿಗೂ ಒಂದು ಮಾತು. ಅಲ್ಲಿ ಯಾಶಿಕಾ ಎಲೆಕ್ಟ್ರೋ 35 ಕಂಡರೆ ಲೆನ್ಸಿನ ಆಸೆಗೆ ಕೊಳ್ಳಬೇಡಿ. ಅದರ 45 ಮಿ.ಮೀ. ಎಫ್ 1.7 ಗಾಜು ಒಳ್ಳೆಯದೇ, ಆದರೆ ಕ್ಯಾಮೆರಾಗೇ ಅಂಟಿಕೊಂಡಿದೆ, ಬಿಚ್ಚಿ ಬರುವಂಥದ್ದಲ್ಲ. ಇನ್ನು ಬಂಗಾರದ ಬಣ್ಣದ, ಹದ್ದು ಕೆತ್ತಿದ "ಲೈಕಾ" ಅಗ್ಗಕ್ಕೆ ಸಿಕ್ಕರೆ ಅದು ಬಹುತೇಕ ನಮ್ಮ ಜೋರ್ಕಿಯ ಅಣ್ಣತಮ್ಮನೇ, ವೇಷ ಹಾಕಿಕೊಂಡು ಬಂದಿರುತ್ತಾನೆ.

ಪುಣೆಯ ಮಳೆಗಾಲದಲ್ಲಿ ಚರ್ಮದ ಚೀಲವೇ ಲೆನ್ಸಿನ ಶತ್ರು, ತೇವ ಹೀರಿ ಹಿಡಿದಿಟ್ಟುಕೊಳ್ಳುತ್ತದೆ. ಜೂನ್ ಮೊದಲ ವಾರವೇ ಜುಪಿಟರನ್ನು ಚೀಲದಿಂದ ತೆಗೆದು, ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟೆ. ಚೀಲ ಖಾಲಿಯಾಗಿ ಕಪಾಟಿನಲ್ಲಿದೆ.

ಜುಲೈಯಲ್ಲಿ ಮತ್ತೆ ಓಝರಿಗೆ ಹೋದೆ. ಅತ್ತೆ ಬಾಗಿಲ ಬಳಿ ಕೂತು ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದರು. ಅದನ್ನೇ ತೆಗೆದು, ಪುಣೆಯಲ್ಲಿ ಹತ್ತು-ಹನ್ನೆರಡು ಇಂಚಿನ ಪ್ರಿಂಟ್ ಹಾಕಿಸಿ, ಮುಂದಿನ ಸಲ ಒಯ್ದೆ. ಮಾವ ಕಿಟಕಿಯ ಬಳಿ ಕುರ್ಚಿ ಎಳೆದುಕೊಂಡು ಭೂತಗನ್ನಡಿ ಹಿಡಿದು ಮೂಲೆಯಿಂದ ಮೂಲೆಗೆ ಬಹಳ ಹೊತ್ತು ನೋಡಿದರು. ಬೆಳಕು ಹಿಂದಿನಿಂದ ಬಂದಿದೆ, ಮುಸುಕು ಬಿದ್ದಿದೆ ಅಂದರು. ಆಮೇಲೆ, "ಸ್ಪೀಡ್ ಎಷ್ಟಿಟ್ಟಿದ್ದಿ?"

ಮೊಬೈಲಿನಲ್ಲಿ ಫೈಲ್ ತೆರೆದು ನೋಡಿ ಹೇಳಿದೆ, 1/250.

"ಅಪರ್ಚರ್?"

ಟೊಳ್ಳು ಬಳೆಗೆ ಅದು ಗೊತ್ತಿರುವುದಿಲ್ಲ, ಫೈಲಿನಲ್ಲಿ ಆ ಜಾಗ ಖಾಲಿ. ನನಗೂ ನೆನಪಿರಲಿಲ್ಲ. ಮಾವ ಎದ್ದು ಒಳಗೆ ಹೋಗಿ ನೀಲಿ ರಟ್ಟಿನ ಒಂದು ನೋಟ್‌ಬುಕ್ ತಂದರು. 1971ರಿಂದ ಪ್ರತಿ ರೀಲಿಗೂ ಒಂದು ಪುಟ, ಪ್ರತಿ ಚಿತ್ರಕ್ಕೂ ಒಂದು ಸಾಲು: ಸ್ಪೀಡು, ಅಪರ್ಚರ್, ದೂರ, ಯಾರು. ಕೊನೆಯ ಪುಟಗಳು ಖಾಲಿ ಇದ್ದವು. ಪೆನ್ನು ನನ್ನ ಕೈಗೆ ಕೊಟ್ಟು, "ಸ್ಪೀಡರ ಬರಿ," ಅಂದರು.