ಕಳೆದ ಎರಡು ಅಂಕಗಳು



ಮೊನ್ನೆ ರಾಯಚೂರಿನ ನಮ್ಮ ಮನೆಗೆ ನೆರೆಮನೆಯ ಹುಡುಗನೊಬ್ಬ ಗಣಿತದ ಪುಸ್ತಕ ಹಿಡಿದು ಬಂದ. ಎಕ್ಸ್ + ವೈ = 7, 3ಎಕ್ಸ್ − ವೈ = 1 ಎಂಬ ಜೋಡಿಯನ್ನು ನಕ್ಷೆಯ ಮೂಲಕ ಬಿಡಿಸಬೇಕಿತ್ತು. ಅವನು ಮೊದಲು ಎರಡನ್ನೂ ಕೂಡಿಸಿ ವೈ ತೊಲಗಿಸಿದ; ಎಕ್ಸ್ = 2, ವೈ = 5 ಎಂದು ಕಂಡುಕೊಂಡ. ಅನಂತರ ಆ ಬಿಂದುವಿನಲ್ಲೇ ಹಾಯುವಂತೆ ಎರಡು ಗೆರೆ ಎಳೆದ. "ಹಿಂಗ ಮಾಡಿದ್ರ ತಪ್ಪಾಗಂಗಿಲ್ರೀ ಸರ್" ಎಂದ.

ಅವನನ್ನು ಗದರಲು ನನಗೆ ಬಾಯಿ ಬರಲಿಲ್ಲ. ದೇವದುರ್ಗದಲ್ಲಿ ಪಾಠ ಹೇಳುತ್ತಿದ್ದಾಗ ಇದೇ ಲೆಕ್ಕಕ್ಕೆ ಒಬ್ಬ ಹುಡುಗಿ 2.1 ಮತ್ತು 4.9 ಎಂದು ಬರೆದಿದ್ದಳು. ನಾನು ಎರಡು ಅಂಕ ಕಳೆದೆ. "ಸರ್, ನನ್ನ ಗೆರಿ ಅಲ್ಲೇ ಕೂಡ್ಯಾವ್ರಿ" ಎಂದಳು. ನಿಜವೇ, ಅವಳ ಪೆನ್ಸಿಲ್ ಮೊಂಡಾಗಿತ್ತು, ಮನಸ್ಸು ನೇರವಾಗಿತ್ತು. ಉತ್ತರ ಮೊದಲೇ ತಿಳಿದು ಗೆರೆ ಎಳೆದವರಿಗೆ ಪೂರ್ಣ ಅಂಕ ದೊರೆಯಿತು.

ನಾನು ಮಾಡಬೇಕಾಗಿದ್ದುದು ಇಷ್ಟೇ: "ತಾಳೆ ನೋಡಮ್ಮಾ" ಎನ್ನಬೇಕಿತ್ತು. ಅವಳ ಬೆಲೆಗಳು ಮೊದಲ ಸಮೀಕರಣಕ್ಕೆ ಹೊಂದುತ್ತವೆ. ಎರಡನೆಯದರಲ್ಲಿ 1ರ ಬದಲು 1.4 ಬರುತ್ತದೆ. ತಪ್ಪನ್ನು ತಾನೇ ಕಂಡು ತಿದ್ದಿಕೊಳ್ಳುತ್ತಿದ್ದಳು.

ನಿಖರ ಉತ್ತರಕ್ಕೆ ಬೇರೆ ವಿಧಾನಗಳಿವೆ. ನಕ್ಷೆಯಿರುವುದು ಕಾಣುವುದಕ್ಕೆ. ಮಾನ್ವಿಯ ರೈತನೊಬ್ಬನ ಮುಂದೆ ಇಬ್ಬರು ಟ್ರ್ಯಾಕ್ಟರ್‌ನವರಿದ್ದಾರೆ ಎನ್ನಿ. ಒಬ್ಬನ ಬಾಡಿಗೆ ಗಂಟೆಗೆ 800 ರೂಪಾಯಿ. ಇನ್ನೊಬ್ಬ ಬಂದುಹೋಗುವ ಖರ್ಚೆಂದು 600 ಪಡೆದು, ಆಮೇಲೆ ಗಂಟೆಗೆ 600 ಕೇಳುತ್ತಾನೆ. ಎರಡು ಗೆರೆಗಳೂ ಮೂರು ಗಂಟೆಗೆ, 2400 ರೂಪಾಯಿಗೆ ಕೂಡುತ್ತವೆ. ಅದಕ್ಕಿಂತ ಕಡಿಮೆ ಕೆಲಸಕ್ಕೆ ಮೊದಲನೆಯವನು ಅಗ್ಗ, ಹೆಚ್ಚಿನದಕ್ಕೆ ಎರಡನೆಯವನು. ಎರಡನೆಯವನೂ ಗಂಟೆಗೆ 800 ಕೇಳಿದರೆ ಗೆರೆಗಳು ಸಮಾಂತರ. ಎಷ್ಟು ಗಂಟೆ ದುಡಿಸಿದರೂ ಆ 600ರ ಅಂತರ ಅಳಿಯದು. ಇದನ್ನು ಕಂಡ ಮಗುವಿಗೆ "ಪರಿಹಾರವಿಲ್ಲ" ಎಂಬ ಮಾತನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ.

ಆದ್ದರಿಂದ ನಿಮ್ಮಲ್ಲಿ ಶಿಕ್ಷಕರಾಗಿರುವವರಿಗೆ ನನ್ನದೊಂದು ಬಿನ್ನಹ. ಪ್ರಾಮಾಣಿಕವಾಗಿ ಎಳೆದ ಗೆರೆ ಕೂದಲೆಳೆ ಸರಿದಿದ್ದರೆ ಅಂಕ ಕಳೆಯುವ ಮೊದಲು ತಾಳೆ ನೋಡಲು ಹೇಳಿರಿ. ಇಲ್ಲವಾದರೆ ಉತ್ತರಕ್ಕೆ ತಕ್ಕಂತೆ ಗೆರೆ ಎಳೆಯುವುದನ್ನು ನಾವೇ ಕಲಿಸಿದಂತಾಗುತ್ತದೆ.

ದೇವದುರ್ಗದ ಆ ಹುಡುಗಿ ಇದನ್ನು ಓದುತ್ತಿದ್ದರೆ, ಆ ಎರಡು ಅಂಕ ನನ್ನ ಮೇಲಿನ ಸಾಲವೆಂದು ತಿಳಿಯಲಿ.