ಬ್ರಿಟನ್ನಿನ ಮೋಟಾರು ಕರವೂ ಕೊಟ್ಟ ಮಾತೂ

ವಿದ್ಯುತ್ತಿನಿಂದ ನಡೆಯುವ ಮೋಟಾರುಗಳ ಮೇಲೆ 2028ರ ಏಪ್ರಿಲಿನಿಂದ ಮೈಲಿಯೊಂದಕ್ಕೆ 3 ಪೆನ್ಸಿನಂತೆ ಕರವನ್ನು ವಿಧಿಸಲಾಗುವುದೆಂದು ಬ್ರಿಟನ್ನಿನ ಅರ್ಥಸಚಿವೆ ರೇಚಲ್ ರೀವ್ಸ್ ಅವರು 2025ರ ನವೆಂಬರಿನಲ್ಲಿ ಮಂಡಿಸಿದ ಮುಂಗಡಪತ್ರದಲ್ಲಿ ಸಾರಿದರು. ಪೆಟ್ರೋಲು ಗಾಡಿಯವನು ಮೈಲಿಗೆ ತೆರುವ ಸುಂಕದ ಹೆಚ್ಚುಕಡಮೆ ಅರ್ಧದಷ್ಟು ಇದಾಗುವುದು. ಮೊತ್ತವು ಅಲ್ಪವೇ ಸರಿ. ಆದರೆ ಹೊಗೆಯುಗುಳದ ಗಾಡಿಯನ್ನು ಕೊಳ್ಳಿರೆಂದು ಹುರಿದುಂಬಿಸಿದ ಸರಕಾರವೇ, ಜನರು ಕೊಳ್ಳಲು ತೊಡಗುತ್ತಲೇ ಕೈಯೊಡ್ಡಿ ನಿಂತಿತೆಂಬ ಶಂಕೆಯು ಅಲ್ಲಿ ಹುಟ್ಟಿದರೆ ಅದನ್ನು ನಿರಾಧಾರವೆನ್ನಲಾಗದು. ಇಂಥ ಅನುಭವವು ಆ ದೇಶದ ಪ್ರಜೆಗಳಿಗೆ ಇದು ಮೊದಲನೆಯದಲ್ಲ.

2001ರಲ್ಲಿ ಅಲ್ಲಿಯ ಸರಕಾರವು, ಹೊಸ ಗಾಡಿಗಳ ವಾರ್ಷಿಕ ಕರವನ್ನು ಅವು ಹೊರಬಿಡುವ ಇಂಗಾಲದ ಡೈಆಕ್ಸೈಡಿನ ಪ್ರಮಾಣಕ್ಕೆ ಜೋಡಿಸಿತು. ಡೀಸೆಲ್ ಯಂತ್ರವು ಕಡಮೆ ಇಂಧನದಲ್ಲಿ ಹೆಚ್ಚು ದೂರ ಸಾಗುವುದರಿಂದ ಅದರ ಮೇಲಣ ಕರವು ಇಳಿಯಿತು. ತತ್ಪರಿಣಾಮವಾಗಿ, 2000ದಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಸುಮಾರು ಏಳರಲ್ಲೊಂದಾಗಿದ್ದ ಡೀಸೆಲ್ ಗಾಡಿಯು 2012ರ ಹೊತ್ತಿಗೆ ಎರಡರಲ್ಲೊಂದಾಯಿತು. ಆದರೆ ಅದೇ ಯಂತ್ರವು ಶ್ವಾಸಕೋಶಗಳಿಗೆ ಹಾನಿಕರವಾದ ನೈಟ್ರೋಜನ್ ಆಕ್ಸೈಡುಗಳನ್ನು ಹೆಚ್ಚಾಗಿ ಉಗುಳುವುದೆಂಬುದನ್ನು ಕರದ ಲೆಕ್ಕವು ಗಣಿಸಲಿಲ್ಲ. ಪರೀಕ್ಷೆಯಲ್ಲಿ ಮಾತ್ರ ಹೊಗೆ ತಗ್ಗುವಂತೆ ಫೋಕ್ಸ್‌ವ್ಯಾಗನ್ ಕಂಪನಿಯು ತನ್ನ ಗಾಡಿಗಳಲ್ಲಿ ಉಪಾಯ ಹೂಡಿದ್ದುದು 2015ರಲ್ಲಿ ಬಯಲಾಯಿತು. ಮುಂದೆ ಲಂಡನ್ ನಗರಾಡಳಿತವು 2019ರಲ್ಲಿ ನಗರಮಧ್ಯದಲ್ಲಿಯೂ, 2023ರ ಆಗಸ್ಟಿನಿಂದ ಇಡೀ ಮಹಾನಗರದಲ್ಲಿಯೂ, ಗೊತ್ತಾದ ಪ್ರಮಾಣಕ್ಕೆ ಹೊಂದದ ಗಾಡಿಗಳಿಗೆ ದಿನಕ್ಕೆ 12.50 ಪೌಂಡುಗಳ ದಂಡಸದೃಶವಾದ ಶುಲ್ಕವನ್ನು ವಿಧಿಸಿತು. ಹಳೆಯ ಗಾಡಿಯನ್ನು ಒಪ್ಪಿಸಿದವರಿಗೆ ಸಹಾಯಧನವು ದೊರೆಯಿತು, ನಿಜ. ಆದರೂ ಒಂದು ಕಾಲಕ್ಕೆ ಸರಕಾರದ ಮಾತಿಗೆ ಕಿವಿಗೊಟ್ಟವನೇ ಇನ್ನೊಂದು ಕಾಲಕ್ಕೆ ಅಪರಾಧಿಯಂತೆ ನಿಲ್ಲಬೇಕಾಯಿತು.

ಇಂಧನದ ಸುಂಕದ ಕಥೆಯೂ ಇದಕ್ಕಿಂತ ಭಿನ್ನವಲ್ಲ. ಹಣದುಬ್ಬರವನ್ನು ಮೀರಿ ವರ್ಷವರ್ಷವೂ ಸುಂಕವನ್ನು ಏರಿಸುವ ಕ್ರಮವು 1993ರಲ್ಲಿ ಮೊದಲಾಗಿ 1999ರಲ್ಲಿ ಕೈಬಿಡಲ್ಪಟ್ಟಿತು. ಅಷ್ಟಾದರೂ 2000ದ ಸೆಪ್ಟೆಂಬರಿನಲ್ಲಿ ರೈತರೂ ಲಾರಿಯವರೂ ತೈಲಾಗಾರಗಳ ಬಾಗಿಲುಗಳನ್ನು ಅಡ್ಡಗಟ್ಟಿದಾಗ ಕೆಲವೇ ದಿನಗಳಲ್ಲಿ ದೇಶದ ಪೆಟ್ರೋಲು ಬಂಕುಗಳು ಬರಿದಾದವು. 2011ರ ಮಾರ್ಚಿನಲ್ಲಿ ಲೀಟರಿಗೆ 57.95 ಪೆನ್ಸಿಗೆ ನಿಂತ ಸುಂಕವನ್ನು ಹನ್ನೊಂದು ವರ್ಷ ಯಾವ ಅರ್ಥಸಚಿವರೂ ಏರಿಸಲಿಲ್ಲ. 2022ರಲ್ಲಿ ಬೆಲೆಗಳು ಗಗನಕ್ಕೇರಿದಾಗ ಅದನ್ನು 5 ಪೆನ್ಸು ಇಳಿಸಲಾಯಿತು. ಹೊಸ ಪೆಟ್ರೋಲು, ಡೀಸೆಲ್ ಕಾರುಗಳ ಮಾರಾಟವನ್ನು 2030ಕ್ಕೆ ನಿಲ್ಲಿಸುವೆವೆಂದು 2020ರಲ್ಲಿ ಒಂದು ಮಂತ್ರಿಮಂಡಲವು ಘೋಷಿಸಿತು; ಅದೇ ಪಕ್ಷದ ಇನ್ನೊಂದು ಮಂತ್ರಿಮಂಡಲವು 2023ರಲ್ಲಿ ಅದನ್ನು 2035ಕ್ಕೆ ಮುಂದೂಡಿತು; ತರುವಾಯ ಬಂದ ಲೇಬರ್ ಸರಕಾರವು ಮತ್ತೆ 2030ಕ್ಕೆ ತಂದಿತು. ಕಾರ್ಖಾನೆ ಕಟ್ಟುವವನು ಯಾವ ಗಡುವನ್ನು ನಂಬಬೇಕು?

ಸರಕಾರದ ಪಕ್ಷದಲ್ಲಿ ಹೇಳತಕ್ಕ ಮಾತು ಇಲ್ಲದಿಲ್ಲ. ಇಂಧನ ಸುಂಕದಿಂದ ಬೊಕ್ಕಸಕ್ಕೆ ವರ್ಷಕ್ಕೆ ಸುಮಾರು 2,400 ಕೋಟಿ ಪೌಂಡುಗಳು ಸಲ್ಲುತ್ತವೆ. 2024ರಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಹೆಚ್ಚುಕಡಮೆ ಐದರಲ್ಲೊಂದು ವಿದ್ಯುತ್ತಿನದು. ಅವು ಹೆಚ್ಚಿದಂತೆ ಈ ಉತ್ಪನ್ನವು ಕರಗುವುದು ಖಂಡಿತ. ರಸ್ತೆಯನ್ನು ಸವೆಸುವವರೆಲ್ಲರೂ ಅದರ ವೆಚ್ಚದಲ್ಲಿ ಪಾಲುಗೊಳ್ಳುವುದು ನ್ಯಾಯವೇ. ಆದುದರಿಂದ ಮೈಲಿಗರದ ತತ್ತ್ವವನ್ನು ನಾವು ಅಲ್ಲಗಳೆಯುವುದಿಲ್ಲ.

ನಾವು ಆಕ್ಷೇಪಿಸುವುದು ಅದರ ಹಂಚಿಕೆಯನ್ನು. ಸ್ವಂತ ಮನೆಯ ಅಂಗಳದಲ್ಲಿ ಗಾಡಿಗೆ ವಿದ್ಯುತ್ತನ್ನು ತುಂಬಿಕೊಳ್ಳುವ ಗೃಹಸ್ಥನಿಗೆ ಆ ವಿದ್ಯುತ್ತಿನ ಮೇಲೆ ಬೀಳುವ ಮೌಲ್ಯವರ್ಧಿತ ಕರವು ಶೇಕಡಾ 5 ಮಾತ್ರ. ರಾತ್ರಿಯ ಅಗ್ಗದ ದರವೂ ಅವನಿಗೆ ಲಭ್ಯ. ಬಾಡಿಗೆಯ ಮಾಳಿಗೆಯಲ್ಲಿ ವಾಸಿಸಿ ಗಾಡಿಯನ್ನು ಬೀದಿಯಲ್ಲಿ ನಿಲ್ಲಿಸುವ ಗುಮಾಸ್ತನೂ ದಾದಿಯೂ ಸಾರ್ವಜನಿಕ ಕಂಬವನ್ನು ಆಶ್ರಯಿಸಬೇಕು. ಅಲ್ಲಿ ಮೂಲ ದರವೇ ಹೆಚ್ಚು. ಅದರ ಮೇಲೆ, 2025ರವರೆಗೆ ನಡೆದುಬಂದ ಪದ್ಧತಿಯಂತೆ, ಶೇಕಡಾ 20ರ ಕರ. ಇದಕ್ಕೆ ಮೈಲಿಗರವೂ ಸೇರಿದರೆ ಅವನ ಪಾಲಿಗೆ ಗಾಯದ ಮೇಲೆ ಬರೆ ಎಳೆದಂತಾಗುವುದು. ಗಾಳಿಯನ್ನು ಶುದ್ಧಗೊಳಿಸುವ ಕಾರ್ಯವು ಉಳ್ಳವರಿಗೆ ಉಳಿತಾಯವೂ ಇಲ್ಲದವರಿಗೆ ಭಾರವೂ ಆದರೆ ಅದು ಬಹುಕಾಲ ನಿಲ್ಲಲಾರದು.

ಈ ಎರಡು ಕರಗಳ ಅಂತರವನ್ನು ಮೊದಲು ಅಳಿಸಿ, ಅನಂತರ ಮೈಲಿಗರವನ್ನು ತರುವುದು ಯುಕ್ತವೆಂದು ನಮ್ಮ ಅಭಿಪ್ರಾಯ. ಮುಂದಿನ ಹತ್ತು ವರ್ಷಗಳಲ್ಲಿ ಆ ಕರವು ಎಷ್ಟರಮಟ್ಟಿಗೆ ಏರಬಹುದೆಂಬುದನ್ನೂ ಈಗಲೇ ಸಾರಿ, ಅದಕ್ಕೆ ಬದ್ಧವಾಗಿರಬೇಕು. ಗಾಡಿಯನ್ನು ಕೊಳ್ಳುವವನು ಹತ್ತು ಹನ್ನೆರಡು ವರ್ಷಗಳ ಬಾಳಿಕೆಯನ್ನೆಣಿಸಿ ಕೊಳ್ಳುತ್ತಾನೆ; ಮಂತ್ರಿಗಳ ಮಾತಿಗೆ ಅಷ್ಟಾದರೂ ಬಾಳಿಕೆ ಬೇಡವೇ? ಒಮ್ಮೆ ಡೀಸೆಲನ್ನು ನಂಬಿ ಕೆಟ್ಟವನನ್ನು ಮತ್ತೊಮ್ಮೆ ನಂಬಿಸುವುದು ಸಹಾಯಧನದಿಂದಾಗುವ ಕೆಲಸವಲ್ಲ.