ಪುಕ್ಕಟೆ ಜಾಗಕ್ಕೂ ಬಾಡಿಗೆ ಇದೆ

ಕಳೆದ ಅಕ್ಟೋಬರಿನ ಮಾತು. ಅಮೆರಿಕದ ಯೂಟಾ ರಾಜ್ಯದಲ್ಲಿ ನನ್ನ ಎಂ.ಎಸ್. ಓದು ಮುಗಿಯುವ ಹಂತದಲ್ಲಿತ್ತು. ಅರ್ಜಿ ಹಾಕಿದ ಕಂಪನಿಗಳಿಂದ ‘ಕ್ಷಮಿಸಿ’ ಎಂಬ ಮೇಲ್ ಬಿಟ್ಟರೆ ಬೇರೇನೂ ಬರುತ್ತಿರಲಿಲ್ಲ. ಬೆಳಿಗ್ಗೆ ಎದ್ದು ಮೇಲ್ ನೋಡುವುದು, ರೆಸ್ಯೂಮೆಯಲ್ಲಿ ಎರಡು ಸಾಲು ಬದಲಿಸುವುದು, ಮತ್ತೆ ಮೇಲ್ ನೋಡುವುದು. ಕೆಲಸ ಹುಡುಕುತ್ತಿರುವವರಿಗೆ ಈ ದಿನಚರಿಯನ್ನು ವಿವರಿಸಬೇಕಾಗಿಲ್ಲ. ಅದೇ ಊರಿನಲ್ಲಿರುವ ನಮ್ಮ ದೊಡ್ಡಪ್ಪನ ಮಗ ಒಂದು ಸಂಜೆ ಫೋನ್ ಮಾಡಿ, “ಎರಡು ದಿನ ಆ ಲ್ಯಾಪ್‌ಟಾಪ್ ಮುಚ್ಚಿಡೋ. ಟ್ರೇಲರ್ ತಗೊಂಡು ಹೋಗೋಣ” ಅಂದ.

“ಖರ್ಚು ಎಷ್ಟಾಗುತ್ತಣ್ಣ?”

“ಪೆಟ್ರೋಲು, ಅಕ್ಕಿ, ಬೇಳೆ. ಉಳಿದುಕೊಳ್ಳೋ ಜಾಗಕ್ಕೆ ಒಂದು ಪೈಸೆ ಇಲ್ಲ.”

ಆ ಕೊನೆಯ ಮಾತು ಕೇಳಿಯೇ ನಾನು ಹೊರಟಿದ್ದು.

ಟ್ರೇಲರ್ ಎಂದರೆ ನಮ್ಮೂರ ಟ್ರ್ಯಾಕ್ಟರಿನ ಹಿಂದಿನ ಟ್ರೇಲರ್ ಅಲ್ಲ. ಕಾರಿನ ಹಿಂದೆ ಸಿಕ್ಕಿಸಿ ಎಳೆದುಕೊಂಡು ಹೋಗುವ ಪುಟ್ಟ ಮನೆ. ಮಲಗಲು ಎರಡು ಹಲಗೆ, ಒಂದು ಗ್ಯಾಸ್ ಒಲೆ, ಕೈ ತೊಳೆಯಲು ಒಂದು ಸಿಂಕು. ನಾವು ಹೋಗಿದ್ದು ಹಾರ್ಸ್‌ಶೂ ಕ್ಯಾನ್ಯನ್ ಎಂಬ ಕಂದರಕ್ಕೆ. ಕ್ಯಾನ್ಯನ್‌ಲ್ಯಾಂಡ್ಸ್ ರಾಷ್ಟ್ರೀಯ ಉದ್ಯಾನಕ್ಕೆ 1971ರಲ್ಲಿ ಸೇರಿಸಿದ, ಆದರೆ ಅದರಿಂದ ಬೇರೆಯಾಗಿಯೇ ಇರುವ ತುಂಡು ಅದು. ಯೂಟಾದ 24ನೇ ಹೆದ್ದಾರಿ ಬಿಟ್ಟ ಮೇಲೆ ಸುಮಾರು 48 ಕಿ.ಮೀ. ಬರೀ ಮಣ್ಣುರಸ್ತೆ. ದಾರಿಯಲ್ಲಿ ಅಂಗಡಿ ಇಲ್ಲ, ಪೆಟ್ರೋಲ್ ಬಂಕ್ ಇಲ್ಲ, ಸ್ವಲ್ಪ ಹೊತ್ತಿಗೆ ಮೊಬೈಲ್ ಸಿಗ್ನಲ್ಲೂ ಇಲ್ಲ. ಮಳೆ ಸುರಿದರೆ ಆ ರಸ್ತೆಯಲ್ಲಿ ಗಾಡಿ ಓಡುವುದಿಲ್ಲ. ಅದರ ಕೊನೆಯಲ್ಲಿ ಕಂದರಕ್ಕೆ ಇಳಿಯುವ ಕಾಲುದಾರಿ ಶುರುವಾಗುತ್ತದೆ. ಅಲ್ಲೇ ಅಂಚಿನ ಮೇಲಿನ ಬಯಲಿನಲ್ಲಿ ಟ್ರೇಲರ್ ನಿಲ್ಲಿಸಿ ರಾತ್ರಿ ಕಳೆಯಬಹುದು. ಅಲ್ಲಿರುವ ಸೌಕರ್ಯ ಒಂದೇ: ಗುಂಡಿಯ ಶೌಚಾಲಯ. ನೀರಿನ ನಲ್ಲಿ ಕೂಡ ಇಲ್ಲ.

ಈ ಬಯಲು ಯಾರದು? ಅಲ್ಲಿನ ಕೇಂದ್ರ ಸರ್ಕಾರದ ಬ್ಯೂರೋ ಆಫ್ ಲ್ಯಾಂಡ್ ಮ್ಯಾನೇಜ್‌ಮೆಂಟ್ ಎಂಬ ಇಲಾಖೆಯ ಸುಪರ್ದಿಯಲ್ಲಿರುವ ಸಾರ್ವಜನಿಕ ಭೂಮಿ. ಈ ಇಲಾಖೆಯ ಕೈಯಲ್ಲಿ ಸುಮಾರು 24.5 ಕೋಟಿ ಎಕರೆ ಇದೆ. ಅಂದರೆ ನಮ್ಮ ಇಡೀ ಕರ್ನಾಟಕದ ಐದರಷ್ಟು. ಬೇಲಿ ಹಾಕಿ ನಿಷೇಧಿಸದ ಕಡೆ, ಈಗಾಗಲೇ ಬಳಕೆಯಲ್ಲಿರುವ ಜಾಗದಲ್ಲಿ, ಯಾರು ಬೇಕಾದರೂ ಹಣ ಕೊಡದೆ ಬಿಡಾರ ಹೂಡಬಹುದು. ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ. ಆಮೇಲೆ ದೂರದ ಬೇರೆ ಜಾಗಕ್ಕೆ ಹೋಗಬೇಕು. ಕಾವಲುಗಾರ ಇಲ್ಲ, ರಸೀದಿ ಇಲ್ಲ, ಹೆಸರು ಬರೆಸಿಕೊಳ್ಳುವವರಿಲ್ಲ.

ಇದನ್ನೆಲ್ಲ ಕೇಳಿ ನನಗೆ ಮೊದಲು ಅನಿಸಿದ್ದು, ‘ಪರವಾಗಿಲ್ಲ, ಲೋಕದಲ್ಲಿ ಪುಕ್ಕಟೆ ಸಿಗುವುದೂ ಇದೆ’ ಎಂದು. ಆ ಎಣಿಕೆ ತಪ್ಪೆಂದು ಗೊತ್ತಾಗಲು ಅರ್ಧ ದಿನವೂ ಬೇಕಾಗಲಿಲ್ಲ.

ಆ ಮಣ್ಣುರಸ್ತೆ ತಗಡಿನ ಶೀಟಿನ ಹಾಗೆ ಉದ್ದಕ್ಕೂ ಅಲೆ ಅಲೆ. ಟ್ರೇಲರಿನೊಳಗಿನ ಪಾತ್ರೆಗಳೆಲ್ಲ ದಾರಿಯುದ್ದಕ್ಕೂ ತಾಳ ಹಾಕುತ್ತಿದ್ದವು. ತಲುಪಿ ಬಾಗಿಲು ತೆಗೆದರೆ ನೆಲವೆಲ್ಲ ನೀರು. “ಏ, ಕ್ಯಾನಿನ ಮುಚ್ಚಳ ಸರಿಯಾಗಿ ತಿರುಗಿಸಿದ್ಯೇನೋ?” ಎಂದು ಅಣ್ಣ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ. ತಂದಿದ್ದು ಎರಡು ಕ್ಯಾನ್. ಒಂದು ಪೂರ್ತಿ ಖಾಲಿ, ಇನ್ನೊಂದರಲ್ಲಿ ಅರ್ಧ. ಎರಡು ದಿನ, ಇಬ್ಬರು, ಅಡುಗೆ, ಮರುದಿನ ಕಂದರದಲ್ಲಿ ಸುಮಾರು 11 ಕಿ.ಮೀ. ನಡಿಗೆ. ನೀರು ತರಬೇಕೆಂದರೆ ಅದೇ 48 ಕಿ.ಮೀ. ವಾಪಸ್ ಹೋಗಿ, ಅಲ್ಲಿಂದ ಮುಂದಿನ ಊರಿಗೆ ಹೋಗಬೇಕು.

ನಮ್ಮಿಂದ ಸ್ವಲ್ಪ ದೂರದಲ್ಲಿ ಹಳೆಯ ಟ್ರೇಲರ್ ಒಂದು ನಿಂತಿತ್ತು. ಅದರ ಯಜಮಾನರು ಅರವತ್ತು ದಾಟಿದವರು. ನಮ್ಮ ಪೇಚಾಟ ನೋಡಿ ತಾವೇ ಬಂದರು. ಏನೂ ಹೆಚ್ಚು ಮಾತಾಡದೆ ತಮ್ಮ ಟ್ಯಾಂಕಿನಿಂದ ನಮ್ಮ ಖಾಲಿ ಕ್ಯಾನಿಗೆ ಐದು ಗ್ಯಾಲನ್, ಅಂದರೆ ಸುಮಾರು 19 ಲೀಟರ್ ನೀರು ತುಂಬಿಸಿದರು. ರಾತ್ರಿ ಅನ್ನ ಸಾರು ಹಂಚಿಕೊಳ್ಳುವಾಗ ಅವರ ಕತೆ ತಿಳಿಯಿತು. ಬಾಡಿಗೆ ಏರುತ್ತಾ ಹೋಗಿ, ಪಿಂಚಣಿ ಅಲ್ಲೇ ನಿಂತಾಗ, ಅವರು ಮನೆ ಖಾಲಿ ಮಾಡಿ ಟ್ರೇಲರ್ ಸೇರಿದ್ದರು. 14 ದಿನ ಇಲ್ಲಿ, 14 ದಿನ ಇನ್ನೆಲ್ಲೋ. ನಮಗೆ ವಾರಾಂತ್ಯದ ಮೋಜಾಗಿದ್ದ ಆ ಬಯಲು ಅವರಿಗೆ ವಿಳಾಸ.

ನೀರಿಗೆ ಹಣ ಕೊಡಲು ಹೋದೆ. ಅವರು ತೆಗೆದುಕೊಳ್ಳಲಿಲ್ಲ. ಯಾರೋ ಬೆಂಕಿ ಹಾಕಿ ಬಿಟ್ಟುಹೋದ ಕಲ್ಲಿನ ವೃತ್ತದ ಕಡೆ ಕೈ ತೋರಿಸಿದರು. ಬಿಯರ್ ಕ್ಯಾನು, ಒಡೆದ ಬಾಟಲಿ, ಅರೆಬೆಂದ ಪ್ಲಾಸ್ಟಿಕ್. “ಹೋಗುವಾಗ ಅದನ್ನು ತೆಗೆದುಕೊಂಡು ಹೋಗಿ. ಅಷ್ಟು ಮಾಡಿದರೆ ಸಾಕು” ಅಂದರು.

ನನಗೆ ಹೇಳಬೇಕಾಗಿರುವುದು ಇಷ್ಟೇ: ಪುಕ್ಕಟೆ ಜಾಗಕ್ಕೆ ಬಾಡಿಗೆ ಇಲ್ಲ ಎನ್ನುವುದು ಸುಳ್ಳು. ಅದನ್ನು ಹಣದಲ್ಲಿ ಕಟ್ಟುವುದಿಲ್ಲ, ಮೈ ಬಗ್ಗಿಸಿ ಕಟ್ಟುತ್ತೇವೆ. ಆ ಬಾಡಿಗೆ ಬಾಕಿ ಉಳಿದರೆ ಒಂದು ದಿನ ಅಲ್ಲಿ ಗೇಟು ಬರುತ್ತದೆ, ಗೇಟಿನ ಹಿಂದೆ ಟಿಕೆಟ್ ಬರುತ್ತದೆ. ಟಿಕೆಟ್ ಬಂದ ದಿನ ಮೊದಲು ಹೊರಗೆ ಉಳಿಯುವವರು ಗಲೀಜು ಮಾಡಿದ ಶ್ರೀಮಂತರಲ್ಲ. ಜೇಬು ಖಾಲಿ ಇರುವ ನಾವು, ಆ ಮುದುಕರು.

ಈ ಬಾಡಿಗೆಯ ಪಟ್ಟಿ ಉದ್ದವಿದೆ. ಕಸವನ್ನೆಲ್ಲ ವಾಪಸ್ ಹೊರಬೇಕು, ಏಕೆಂದರೆ ಕಸದ ಲಾರಿ ಅಲ್ಲಿಗೆ ಬರುವುದಿಲ್ಲ. ಟ್ರೇಲರಿನ ಸಿಂಕಿನ ನೀರು, ಶೌಚದ ತೊಟ್ಟಿ ಎರಡನ್ನೂ ನೆಲಕ್ಕೆ ಬಿಡುವಂತಿಲ್ಲ; ಊರಿಗೆ ಹೋಗಿ ಅದಕ್ಕೆಂದೇ ಇರುವ ಜಾಗದಲ್ಲಿ ಖಾಲಿ ಮಾಡಬೇಕು. ಗಾಡಿ ತಿರುಗಿಸಲು ಹೊಸ ಜಾಗ ಹುಡುಕುವಂತಿಲ್ಲ. ಆ ಮರುಭೂಮಿಯ ಮಣ್ಣಿನ ಮೇಲೆ ಕಪ್ಪನೆಯ, ಉಬ್ಬುತಗ್ಗಿನ ಒಂದು ಪದರ ಕಾಣುತ್ತದೆ. ನೋಡಲು ಸುಟ್ಟ ಮಣ್ಣಿನಂತಿದ್ದರೂ ಅದಕ್ಕೆ ಜೀವವಿದೆ. ಸೂಕ್ಷ್ಮಜೀವಿಗಳು, ಕಲ್ಲುಹೂವು, ಪಾಚಿ ಸೇರಿ ಕಟ್ಟಿದ ಆ ಹೊದಿಕೆಯೇ ಮರಳು ಹಾರದಂತೆ ಹಿಡಿದಿಡುತ್ತದೆ. ಒಂದು ಚಕ್ರ ಹರಿದರೆ ಅದು ಮತ್ತೆ ಕೂಡಿಕೊಳ್ಳಲು ಹತ್ತಾರು ವರ್ಷ ಬೇಕಾಗಬಹುದು. ಇನ್ನು ಜನರೇಟರ್ ಇದ್ದರೆ ರಾತ್ರಿ ಆರಿಸಬೇಕು. ಇದು ಪಕ್ಕದವರಿಗೆ ಕಟ್ಟುವ ಬಾಡಿಗೆ.

ನಾವು ಎಲ್ಲಿದ್ದೇವೆ, ಯಾವಾಗ ವಾಪಸ್ ಬರುತ್ತೇವೆ ಎಂದು ಯಾರಿಗಾದರೂ ಹೇಳಿ ಹೊರಡುವುದೂ ಈ ಪಟ್ಟಿಯಲ್ಲಿದೆ. ಎ.ಆರ್. ರೆಹಮಾನ್ ಸಂಗೀತ ಕೊಟ್ಟ ‘127 ಅವರ್ಸ್’ ಸಿನಿಮಾ ನೆನಪಿದೆಯೇ? ಅದು ಈ ಸುತ್ತಲಲ್ಲೇ ನಡೆದ ನಿಜ ಘಟನೆ. 2003ರ ಏಪ್ರಿಲ್‌ನಲ್ಲಿ ಆರನ್ ರಾಲ್ಸ್ಟನ್ ಎಂಬ ಯುವಕ ಪಕ್ಕದ ಬ್ಲೂಜಾನ್ ಕಂದರದಲ್ಲಿ ಒಂಟಿಯಾಗಿ ಇಳಿಯುವಾಗ ಬಂಡೆಯೊಂದು ಜರುಗಿ ಅವನ ಬಲಗೈ ಸಿಕ್ಕಿಕೊಂಡಿತು. ಎಲ್ಲಿಗೆ ಹೋಗುತ್ತೇನೆಂದು ಅವನು ಯಾರಿಗೂ ಹೇಳಿರಲಿಲ್ಲ. ಐದು ದಿನಗಳ ನಂತರ ತನ್ನ ಕೈಯನ್ನು ತಾನೇ ಕತ್ತರಿಸಿಕೊಂಡು ಹೊರಬಂದು, ಹಾರ್ಸ್‌ಶೂ ಕಂದರದೊಳಗೆ ನಡೆದುಬರುವಾಗ ಎದುರಾದದ್ದು ಪ್ರವಾಸಕ್ಕೆ ಬಂದಿದ್ದ ಒಂದು ಡಚ್ ಕುಟುಂಬ. ಕಾವಲುಗಾರನಿಲ್ಲದ ಜಾಗದಲ್ಲಿ ದಾರಿಹೋಕರೇ ಒಬ್ಬರಿಗೊಬ್ಬರು ಕಾವಲು. ನನ್ನ ನೀರಿನ ಕ್ಯಾನಿನ ವಿಷಯದಲ್ಲೂ ಆಗಿದ್ದು ಅದೇ, ಸಣ್ಣ ಪ್ರಮಾಣದಲ್ಲಿ.

ಮರುದಿನ ಕಂದರಕ್ಕೆ ಇಳಿದೆವು. ಅಂಚಿನಿಂದ ತಳಕ್ಕೆ ಸುಮಾರು 240 ಮೀಟರ್ ಇಳಿಜಾರು, ಆಮೇಲೆ ಮರಳಿನಲ್ಲಿ ನಡಿಗೆ. ಕೊನೆಗೆ ‘ಗ್ರೇಟ್ ಗ್ಯಾಲರಿ’ ಎಂಬ ಬಂಡೆಗೋಡೆ. ಪ್ರಾಚೀನ ಜನ ಕೆಂಪು ಬಣ್ಣದಲ್ಲಿ ಬರೆದ ಆಳೆತ್ತರದ ಆಕೃತಿಗಳು ಸಾಲಾಗಿ ನಿಂತಿವೆ. ಕೆಲವು ಏಳಡಿಗೂ ಎತ್ತರ. ಗಾಜಿನ ಪೆಟ್ಟಿಗೆ ಇಲ್ಲ, ಸಿಸಿಟಿವಿ ಇಲ್ಲ. ಒಂದು ಚೂಪು ಕಲ್ಲು, ಒಬ್ಬ ಪ್ರೇಮಿ, ಎರಡು ಹೆಸರು ಸಾಕು ಅದನ್ನು ಹಾಳು ಮಾಡಲು. ನಮ್ಮ ಕೋಟೆಗಳ, ಗುಡಿಗಳ ಗೋಡೆಗಳ ಮೇಲೆ ಅಂಥ ಹೃದಯದ ಚಿಹ್ನೆಗಳನ್ನು ನೀವೂ ನೋಡಿದ್ದೀರಿ. ಇಲ್ಲಿ ಆ ಚಿತ್ರಗಳು ಉಳಿದಿರುವುದರಲ್ಲಿ ಬಂದುಹೋದವರು ಕೈ ಕಟ್ಟಿ ನಿಂತದ್ದರ ಪಾಲೂ ಇದೆ.

ಹಾಗೆಂದು ಅಮೆರಿಕದವರೆಲ್ಲ ಸಂಭಾವಿತರೆಂದು ಹೇಳಲಾರೆ. ಆ ಬೆಂಕಿಗುಂಡಿಯ ಬಾಟಲಿ ಒಡೆದವರೂ ಅಲ್ಲಿಗೆ ಬಂದುಹೋದವರೇ. ಇದೇ ಯೂಟಾದ ಮೋಆಬ್ ಪಟ್ಟಣದ ಸುತ್ತ, ಪಕ್ಕದ ಅರಿಜೋನಾದ ಸೆಡೋನಾ ಬಳಿ, ಎಲ್ಲೆಂದರಲ್ಲಿ ಬಿಡಾರ ಹೂಡುವ ಸ್ವಾತಂತ್ರ್ಯ ಹಲವೆಡೆ ಹೋಗಿದೆ. ಜನ ಹೆಚ್ಚಾದರು, ಕಸ ಹೆಚ್ಚಾಯಿತು, ಕೊನೆಗೆ ಗುರುತು ಹಾಕಿದ ಜಾಗದಲ್ಲಿ ಮಾತ್ರ ಎಂಬ ನಿಯಮ ಬಂತು. ದೂರದ ಹಾರ್ಸ್‌ಶೂ ಕಂದರದಂಥ ಜಾಗಗಳು ಸದ್ಯಕ್ಕೆ ತೆರೆದಿವೆ.

ನಮ್ಮಲ್ಲೂ ಇದು ಹೊಸ ಕತೆಯಲ್ಲ. 2024ರ ಜನವರಿಯಲ್ಲಿ ಕುಮಾರಪರ್ವತದ ದಾರಿಯಲ್ಲಿ ಸಾವಿರಾರು ಜನ ಜಾತ್ರೆಯಂತೆ ಸಾಲುಗಟ್ಟಿದ ಚಿತ್ರಗಳು ಎಲ್ಲರ ಮೊಬೈಲಿಗೂ ಬಂದವು. ಅದರ ಬೆನ್ನಲ್ಲೇ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಪಥಗಳನ್ನು ತಾತ್ಕಾಲಿಕವಾಗಿ ಮುಚ್ಚಲಾಯಿತು. ಕಾಲೇಜಿನಲ್ಲಿದ್ದಾಗ ನೂರಿನ್ನೂರು ರೂಪಾಯಿ ಬಸ್ ಚಾರ್ಜು, ಬುತ್ತಿಗಂಟು ಹಿಡಿದು ಗುಡ್ಡ ಹತ್ತುತ್ತಿದ್ದ ನಮ್ಮಂಥವರಿಗೆ ಆ ಸುದ್ದಿ ಚುರುಕ್ ಅಂದಿತು. ಆದರೆ ಪ್ರಾಮಾಣಿಕವಾಗಿ ಹೇಳಿ, ಗುಡ್ಡದ ತುದಿಯಲ್ಲಿ ಕುರ್‌ಕುರೆ ಪ್ಯಾಕೆಟ್ ಎಸೆದವರು ಯಾರು? ಬಹುಪಾಲು ನಮ್ಮ ವಯಸ್ಸಿನವರೇ.

“ಅಮೆರಿಕದಲ್ಲಿ ಭೂಮಿ ಬೇಕಾದಷ್ಟಿದೆ, ಜನ ಕಡಿಮೆ. ಇಲ್ಲಿಗೆ ಅದು ಹೊಂದುವುದಿಲ್ಲ” ಎಂದು ಗೆಳೆಯರು ವಾದಿಸುತ್ತಾರೆ. ಒಪ್ಪುತ್ತೇನೆ. ಪಶ್ಚಿಮಘಟ್ಟದ ಕಾಡು ಯೂಟಾದ ಬಯಲಲ್ಲ. ಆನೆ ಓಡಾಡುವ ದಾರಿಯಲ್ಲಿ ಕಂಡಕಂಡಲ್ಲಿ ಟೆಂಟ್ ಹಾಕಲು ಬಿಡಿ ಎಂದು ನಾನು ಕೇಳುತ್ತಿಲ್ಲ. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರಲಿ, ಮೊದಲೇ ಹೆಸರು ನೋಂದಾಯಿಸಬೇಕೆಂಬ ನಿಯಮವೂ ಇರಲಿ. “ಶುಲ್ಕ ಇಲ್ಲದಿದ್ದರೆ ನಿರ್ವಹಣೆಗೆ ದುಡ್ಡೆಲ್ಲಿಂದ?” ಎನ್ನುವುದೂ ನ್ಯಾಯವಾದ ಪ್ರಶ್ನೆಯೇ. ಆ ಕಂದರದ ಅಂಚಿನ ಶೌಚಾಲಯವೂ ಯಾರದೋ ತೆರಿಗೆಯಿಂದಲೇ ನಡೆಯುತ್ತದೆ. ಆದರೆ ಜನರ ಸಂಖ್ಯೆಗೆ ಮಿತಿ ಹಾಕುವುದು ಬೇರೆ, ಜೇಬು ನೋಡಿ ಒಳಗೆ ಬಿಡುವುದು ಬೇರೆ. ಮಿತಿ ಎಲ್ಲರನ್ನೂ ಸರದಿಯಲ್ಲಿ ನಿಲ್ಲಿಸುತ್ತದೆ. ಬೆಲೆ ಕೆಲವರನ್ನು ಮಾತ್ರ ಸರದಿಯಿಂದ ತೆಗೆದುಹಾಕುತ್ತದೆ. ಶುಲ್ಕ ಬೇಡ ಎಂದು ಕೇಳುವ ಹಕ್ಕು ನಮಗೆ ಬರಬೇಕಾದರೆ ನಿರ್ವಹಣೆಯ ಖರ್ಚು ಹೆಚ್ಚಿಸುವವರು ನಾವಾಗಿರಬಾರದು.

ಆದ್ದರಿಂದ ಮುಂದಿನ ವಾರಾಂತ್ಯ ಗುಡ್ಡಕ್ಕೋ ಜಲಪಾತಕ್ಕೋ ಹೊರಡುವ ಗೆಳೆಯರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಬ್ಯಾಗಿನಲ್ಲಿ ಒಂದು ಖಾಲಿ ಚೀಲ ಇರಲಿ. ನಿಮ್ಮ ಕಸದ ಜತೆ ಬೇರೆಯವರದ್ದೂ ಸ್ವಲ್ಪ ಬರಲಿ. ಹೋಗುವ ಜಾಗ, ಬರುವ ಹೊತ್ತು ಮನೆಯಲ್ಲಿ ಹೇಳಿರಿ. ನೀರಿನ ಕ್ಯಾನಿನ ಮುಚ್ಚಳ ಎರಡು ಸಲ ನೋಡಿ.

ನಾವು ಹೊರಟ ಬೆಳಿಗ್ಗೆ ಆ ಬೆಂಕಿಗುಂಡಿಯನ್ನು ಬಳಿದು ತೆಗೆದಾಗ ದೊಡ್ಡದೊಂದು ಚೀಲ ತುಂಬಿತು. ಬಿಯರ್ ವಾಸನೆಗೆ ಹೆದರಿ ಅಣ್ಣ ಅದನ್ನು ಟ್ರೇಲರಿನೊಳಗೆ ಇಡಲು ಒಪ್ಪಲಿಲ್ಲ. ಹಾಗಾಗಿ 48 ಕಿ.ಮೀ. ಉದ್ದಕ್ಕೂ ಅದು ಕಾರಿನಲ್ಲಿ ನನ್ನ ಕಾಲ ಬಳಿ ಗಲಗಲ ಎನ್ನುತ್ತಾ ಕೂತಿತ್ತು. ಹೆದ್ದಾರಿ ಸೇರಿ ಸಿಗ್ನಲ್ ಬಂದ ಮೇಲೆ ಫೋನ್ ತೆಗೆದೆ. ಮತ್ತೊಂದು ‘ಕ್ಷಮಿಸಿ’ ಬಂದು ಕಾದಿತ್ತು. ಆದರೂ ಎರಡು ರಾತ್ರಿಯ ಬಾಡಿಗೆ ಬಾಕಿ ಇಟ್ಟುಕೊಳ್ಳದೆ ಬಂದ ಸಮಾಧಾನ ಅವತ್ತು ಕಡಿಮೆಯಾಗಲಿಲ್ಲ.